ಮೆಣಸಿನ ಒಟ್ಟಲು: ಮನೆಯ ಬೀಜದಿಂದ ಮನೆಯ ಸಸಿ



ಭರಣಿ ಮಳೆಯ ಕಾಲ ಬಂತು. ಆರಿದ್ರಾ ಮಳೆಯಲ್ಲಿ ಮೆಣಸಿನ ಸಸಿ ನಾಟಿ ಮಾಡಬೇಕೆನ್ನುವವರು ಈಗಲೇ ಒಟ್ಟಲಿನ ಯೋಚನೆ ಮಾಡಬೇಕು. ಮೆಣಸಿನ ಸಸಿ ಮಡಿಯಲ್ಲಿ ಸುಮಾರು 40 ದಿನ ಬೆಳೆಯಬೇಕು. ಮೇ 15ರ ಸುಮಾರಿಗೆ ಕೃತ್ತಿಕಾ ಮಳೆಯಲ್ಲಿ ಬೀಜ ಹಾಕಿದರೆ ಜೂನ್ 24ರ ಹೊತ್ತಿಗೆ, ಅಂದರೆ ಆರಿದ್ರಾ ಹುಟ್ಟಿದ ಎರಡು ಮೂರು ದಿನಕ್ಕೆ, ಸಸಿ ಕೀಳಲು ಬರುತ್ತದೆ. ಬೀಜ ಹಾಕುವುದಕ್ಕೆ ಮೊದಲು ಮಾಡಬೇಕಾದ ಕೆಲಸಕ್ಕೆ ಇನ್ನೂ ಹದಿನೈದು ದಿನ ಬೇಕು. ಆದುದರಿಂದ ಈ ಸಂಚಿಕೆಯಲ್ಲೇ ಈ ಪಾಠವನ್ನು ಬರೆಯುತ್ತಿದ್ದೇನೆ.

"ಬೀಜ ಹಾಕುವುದನ್ನು ನಮಗೆ ಈ ಹುಡುಗ ಕಲಿಸಬೇಕೇ?" ಎಂದು ಹಿರಿಯರು ನಗಬಹುದು. ನಗುವುದು ನ್ಯಾಯವೇ. ನನಗೆ ಇನ್ನೂ ಮೂವತ್ತು ತುಂಬಿಲ್ಲ. ಡಿಪ್ಲೊಮಾ ಶಾಲೆಯಲ್ಲಿ ಓದಿದ್ದಕ್ಕಿಂತ ಹೆಚ್ಚಿನ ಪಾಠವನ್ನು ಈ ವಿಷಯದಲ್ಲಿ ನಾನು ಒಬ್ಬ ಅಜ್ಜಿಯಿಂದ ಕಲಿತೆ. ಮೊದಲು ಆ ಕಥೆಯನ್ನೇ ಹೇಳುತ್ತೇನೆ.

ನಾನು ಮಾಡಿದ ತಪ್ಪು

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ. ಒಂದು ಊರಿನಲ್ಲಿ ಎಂಟು ಮನೆಯವರನ್ನು ಒಪ್ಪಿಸಿ, ಎಲ್ಲರಿಗೂ ಸೇರಿದಂತೆ ಒಂದೇ ಒಟ್ಟಲು ಹಾಕಿಸಿದೆ. ಅವರವರ ಮನೆಯಲ್ಲಿ ಬಹಳ ಕಾಲದಿಂದ ಕಾಪಾಡಿಕೊಂಡು ಬಂದಿದ್ದ ಮೆಣಸಿನ ಬೀಜವನ್ನು ನನ್ನ ಮಾತಿನ ಮೇಲೆ ತಂದುಕೊಟ್ಟರು. ಬಾವಿಯ ಪಕ್ಕದ ತಗ್ಗಿನ ನೆಲ, ನೀರಿಗೆ ಅನುಕೂಲವೆಂದು ಆರಿಸಿಕೊಂಡೆ. ಗೊಬ್ಬರ ಹೆಚ್ಚಾದಷ್ಟೂ ಒಳ್ಳೆಯದೆಂದು ಸರಿಯಾಗಿ ಕಳಿಯದ ಸಗಣಿ ಗೊಬ್ಬರವನ್ನೂ ಸೇರಿಸಿದೆ. ಬೀಜ ಉಳಿದರೆ ವ್ಯರ್ಥವೆಂದು ಅಷ್ಟನ್ನೂ ಒತ್ತಾಗಿ ಚೆಲ್ಲಿಸಿದೆ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು ಕೊಡಿಸಿದೆ.

ಮೊಳಕೆ ಬಂದಾಗ ಹಸಿರು ಕಂಬಳಿ ಹಾಸಿದಂತಿತ್ತು. ಊರಿನವರೆಲ್ಲ ಬಂದು ನೋಡಿ ಹೊಗಳಿದರು. ಆ ಮೇಲೆ ಮೂರು ದಿನ ಮೋಡ, ಜಿಟಿಜಿಟಿ ಮಳೆ. ನಾಲ್ಕನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಮಡಿಯ ನಡುವೆ ತಟ್ಟೆಯಗಲ ಸಸಿಗಳು ಬುಡದಲ್ಲಿ ಕುಸಿದು ಮಲಗಿದ್ದವು. ನೀರು ಸಾಲದೆಂದು ಭಾವಿಸಿ ಇನ್ನಷ್ಟು ನೀರು ಹಾಕಿಸಿದೆ. ಮೂರು ದಿನದೊಳಗೆ ಮಡಿ ಪೂರ್ತಿ ಹೋಯಿತು.

ಆ ಎಂಟು ಮನೆಗಳಲ್ಲಿ ಒಂದು ಮನೆಯ ಅಜ್ಜಿ ಮಾತ್ರ ತನ್ನ ಬೀಜವನ್ನೆಲ್ಲ ಕೊಟ್ಟಿರಲಿಲ್ಲ. ಒಂದು ಹಿಡಿಯನ್ನು ಬೂದಿ ಬೆರೆಸಿ ಸೋರೆ ಬುರುಡೆಯಲ್ಲಿ ಉಳಿಸಿಕೊಂಡಿದ್ದಳು. ಇನ್ನು ಸ್ವಲ್ಪವನ್ನು ಹಿತ್ತಿಲಲ್ಲಿ, ಮಣ್ಣು ಏರಿಸಿದ ಸಣ್ಣ ಪಾತಿಯಲ್ಲಿ, ತೆಳ್ಳಗೆ ಉದುರಿಸಿದ್ದಳು. ಅದೇ ಮಳೆ ಅಲ್ಲಿಯೂ ಬಿದ್ದಿತ್ತು. ಆಕೆಯ ಸಸಿಗಳು ನೆಟ್ಟಗೆ ನಿಂತಿದ್ದವು. ನಾನು ತಲೆ ತಗ್ಗಿಸಿ ಹೋಗಿ ಕೇಳಿದಾಗ ಆಕೆ ಹೇಳಿದ್ದು ಇಷ್ಟೇ: "ಅಲ್ಲ ಕಣಪ್ಪ, ಅವು ಬಾಯಾರಿಕೆ ಅಂತ ನಿನ್ನ ಕೇಳಿದ್ವಾ? ಕುಡಿಸಿ ಕುಡಿಸಿ ಕೊಂದೆಯಲ್ಲ."

ಆ ವರ್ಷ ಉಳಿದ ಏಳು ಮನೆಯವರು ಸಂತೆಯಲ್ಲಿ ಸಸಿ ಕೊಂಡರು. ಯಾವ ಜಾತಿಯೆಂದು ಮಾರಿದವನಿಗೂ ತಿಳಿದಿರಲಿಲ್ಲ. ಅವರ ಮನೆತನದ ಬೀಜ ಮಾತ್ರ ಹೋದದ್ದು ಹೋಯಿತು. ಮುಂದಿನ ವರ್ಷ ಅಜ್ಜಿಯ ಬುರುಡೆಯ ಬೀಜದಿಂದಲೇ ಊರಿನ ಮೆಣಸು ಊರಿಗೆ ಮರಳಿತು.

ಆ ದಿನದಿಂದ ನಾನು ಹೇಳುತ್ತಿರುವ ಮಾತು ಒಂದೇ: ಮಡಿಯಲ್ಲಿ ಸಸಿ ಕೊರತೆಯಿಂದ ಸಾಯುವುದು ಅಪರೂಪ, ಅತಿಯಿಂದ ಸಾಯುವುದೇ ಹೆಚ್ಚು. ಅತಿ ಬೀಜ, ಅತಿ ನೀರು, ಹಸಿ ಗೊಬ್ಬರ, ಈ ಮೂರನ್ನು ಬಿಟ್ಟರೆ ಅರ್ಧ ಪಾಠ ಮುಗಿದಂತೆ.

ಬೀಜ ಯಾವುದಾಗಬೇಕು?

ಮನೆಯ ಬೀಜ ಇಡುವವರು ಹೊಲದ ನಡುವಿನ ರೋಗವಿಲ್ಲದ ಗಿಡಗಳಿಗೆ ಒಂದೊಂದು ದಾರ ಕಟ್ಟಿ ಗುರುತು ಮಾಡಿಕೊಳ್ಳಬೇಕು. ಒಂದೇ ಗಿಡದ ಬೀಜ ಸಾಲದು. ಇಪ್ಪತ್ತು ಮೂವತ್ತು ಗಿಡಗಳಿಂದ ಆರಿಸಿರಿ. ಎರಡನೆಯ ಬಿಡಿಸುವಿಕೆಯಲ್ಲಿ ಗಿಡದ ಮೇಲೆಯೇ ಪೂರ್ತಿ ಕೆಂಪಾದ, ಚುಕ್ಕೆಯಿಲ್ಲದ ಕಾಯಿಗಳನ್ನು ಬೇರೆ ಇಟ್ಟು ಒಣಗಿಸಿರಿ. ಬೀಜ ಬಿಡಿಸಿದ ಮೇಲೆ ಬಟ್ಟೆಯ ಮೇಲೆ ನೆರಳಲ್ಲಿ ಹರವಿರಿ. ಮಧ್ಯಾಹ್ನದ ಬಿಸಿಲಲ್ಲಿ ಕಾದ ಚಪ್ಪಡಿಯ ಮೇಲೆ ಹರವಿದರೆ ಬೀಜ ಸಾಯುತ್ತದೆ. ಚೆನ್ನಾಗಿ ಒಣಗಿದ ಬೀಜವನ್ನು ಬಿಗಿ ಮುಚ್ಚಳದ ಗಾಜಿನ ಸೀಸೆಯಲ್ಲಿ, ತಳದಲ್ಲಿ ಎರಡು ಬೆರಳು ಒಣ ಬೂದಿ ಹಾಕಿ, ಬಟ್ಟೆಯಲ್ಲಿ ಗಂಟು ಕಟ್ಟಿ ಇಡಬಹುದು. ಸೀಸೆಯನ್ನು ಒಲೆಯ ಹತ್ತಿರ ಇಡಬೇಡಿ. ಸೀಸೆಗೆ ಜಾತಿಯ ಹೆಸರು, ತಿಂಗಳು, ವರ್ಷ ಬರೆದ ಚೀಟಿ ಅಂಟಿಸಿರಿ. ಮನೆಯಲ್ಲಿಟ್ಟ ಮೆಣಸಿನ ಬೀಜಕ್ಕೆ ವರ್ಷ ದಾಟಿದಂತೆ ಮೊಳೆಯುವ ಶಕ್ತಿ ಇಳಿಯುತ್ತ ಹೋಗುತ್ತದೆ.

ಒಂದು ಎಚ್ಚರಿಕೆ. ಮೆಣಸಿನ ಹೂವಿಗೆ ಜೇನು ಮೊದಲಾದ ಹುಳಗಳು ಪರಾಗ ತರುತ್ತವೆ. ಆದುದರಿಂದ ಪಕ್ಕದ ಹೊಲದಲ್ಲಿ ಬೇರೆ ಜಾತಿಯಿದ್ದರೆ ನಿಮ್ಮ ಬೀಜ ಬೆರಕೆಯಾಗುತ್ತದೆ. ಪ್ರಮಾಣಿತ ಬೀಜ ಬೆಳೆಯುವವರು ಬೇರೆ ಮೆಣಸಿನ ಜಾತಿಯಿಂದ 200 ಮೀಟರ್ ದೂರ ಬಿಡುವುದು ಇದೇ ಕಾರಣಕ್ಕೆ. ಹೈಬ್ರಿಡ್ ಗಿಡದ ಕಾಯಿಂದ ಬೀಜ ಇಡಬೇಡಿ. ಮರುವರ್ಷ ಒಂದೊಂದು ಗಿಡ ಒಂದೊಂದು ಬಗೆಯಾಗುತ್ತದೆ.

ಮನೆಯ ಬೀಜ ಕೀಳೆಂದು ತಿಳಿಯಬೇಡಿ. ಹಾವೇರಿ, ಧಾರವಾಡದ ಕಡೆಯ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಆ ಡಬ್ಬಿ, ಕಡ್ಡಿ ಜಾತಿಗಳು ಉಳಿದು ಬಂದದ್ದು ರೈತರ ಮನೆಗಳಲ್ಲಿ ಬೀಜ ಉಳಿದು ಬಂದದ್ದರಿಂದ.

ಅಂಗಡಿಯಲ್ಲಿ ಕೊಳ್ಳುವವರು ಚೀಲದ ಮೇಲಿನ ಚೀಟಿಯನ್ನು ಓದಿಸಿ ಕೊಳ್ಳಿರಿ. ಪ್ರಮಾಣಿತ ಬೀಜದ ಚೀಟಿ ನೀಲಿ ಬಣ್ಣದ್ದು. ಪರೀಕ್ಷೆ ಮಾಡಿದ ದಿನಾಂಕ, ಅವಧಿ, ಮೊಳಕೆಯ ಪ್ರಮಾಣ ನೋಡಿರಿ. ರಸೀದಿ, ಖಾಲಿ ಚೀಲ, ಚೀಟಿ, ಒಂದು ಚಿಟಿಕೆ ಬೀಜ, ಇಷ್ಟನ್ನು ಬೆಳೆ ಕೈಗೆ ಬರುವ ತನಕ ಜೋಪಾನ ಮಾಡಿರಿ.

ಮೊಳಕೆ ಪರೀಕ್ಷೆ ಮನೆಯಲ್ಲೇ

ಬೀಜ ಒಳಗೆ ಜೀವಂತವಾಗಿದೆಯೇ ಎಂಬುದು ಕಣ್ಣಿಗೆ ಕಾಣುವುದಿಲ್ಲ. ಮಡಿಗೆ ಹಾಕಿ ಹದಿನೈದು ದಿನ ಕಾದು, ಬಾರದೆ ಹೋದರೆ ಹದ ತಪ್ಪುತ್ತದೆ. ಅದರ ಬದಲು ಈಗಲೇ ಹೀಗೆ ಮಾಡಿರಿ.

ಬೀಜದ ರಾಶಿಯಿಂದ ಆರಿಸದೆ, ಕೈಗೆ ಸಿಕ್ಕ 100 ಬೀಜ ಎಣಿಸಿರಿ. ದಪ್ಪ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಅದರ ಮೇಲೆ ಬೀಜವನ್ನು ಒಂದಕ್ಕೊಂದು ತಾಗದಂತೆ ಇಡಿರಿ. ಬಟ್ಟೆಯನ್ನು ಸಡಿಲವಾಗಿ ಸುತ್ತಿ, ಮುಚ್ಚಳದ ಪಾತ್ರೆಯಲ್ಲಿ ಮನೆಯ ಬೆಚ್ಚಗಿನ ಮೂಲೆಯಲ್ಲಿ ಇಡಿರಿ. ದಿನವೂ ನೋಡಿ, ಒಣಗಿದರೆ ನೀರು ಚಿಮುಕಿಸಿರಿ. ಬಟ್ಟೆ ತೇವವಾಗಿರಬೇಕು, ನೀರು ಸೋರಬಾರದು. ಏಳನೆಯ ದಿನ ಒಂದು ಸಲ, ಹದಿನಾಲ್ಕನೆಯ ದಿನ ಮತ್ತೊಂದು ಸಲ ಮೊಳೆತವನ್ನು ಎಣಿಸಿರಿ. ಈ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳ ಕೈಗೆ ಕೊಡಿರಿ. ಅವರು ಬಹಳ ನಿಷ್ಠೆಯಿಂದ ಎಣಿಸುತ್ತಾರೆ.

ಬೀಜ ಪ್ರಮಾಣೀಕರಣದ ನಿಯಮದಂತೆ ಮೆಣಸಿನಲ್ಲಿ ನೂರಕ್ಕೆ 60, ಟೊಮೇಟೊ ಮತ್ತು ಬದನೆಯಲ್ಲಿ ನೂರಕ್ಕೆ 70 ಬೀಜವಾದರೂ ಮೊಳೆಯಬೇಕು. ನಿಮ್ಮ ಮೆಣಸಿನ ಬೀಜ ನೂರಕ್ಕೆ 50ಕ್ಕಿಂತ ಕಡಿಮೆ ಮೊಳೆತರೆ, ಎರಡರಷ್ಟು ಹಾಕಿ ಸರಿದೂಗಿಸಲು ಹೋಗಬೇಡಿ. ಅಂತಹ ಬೀಜದಲ್ಲಿ ಮೊಳೆತ ಸಸಿಗಳೂ ಬಲಹೀನವಾಗಿರುತ್ತವೆ. ನೆರೆಯವರಿಂದ ಹೊಸ ಬೀಜ ಪಡೆಯಿರಿ. ಇನ್ನೂ ಹೊತ್ತಿದೆ.

ಎಷ್ಟು ಬೀಜ ಬೇಕು?

ಹತ್ತು ಗುಂಟೆ ಹೊಲದ ಲೆಕ್ಕ ಹಿಡಿಯೋಣ. ಸಾಲಿನಿಂದ ಸಾಲಿಗೆ ಎರಡು ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಬಿಟ್ಟರೆ 3,630 ಸಸಿ ಬೇಕಾಗುತ್ತದೆ. ಸತ್ತ ಕಡೆ ಮತ್ತೆ ನೆಡುವುದಕ್ಕೂ ಸೇರಿಸಿ 4,000 ಎನ್ನೋಣ. ನೂರಕ್ಕೆ 60 ಮೊಳೆಯುವ 10,000 ಬೀಜ ಹಾಕಿದರೆ 6,000 ಮೊಳೆಯುತ್ತವೆ. ಅದರಲ್ಲಿ ಮೂರನೆಯ ಒಂದು ಪಾಲು ಬಡಕಲು, ಡೊಂಕು ಎಂದು ತೆಗೆದರೂ 4,000 ಉಳಿಯುತ್ತದೆ. 10,000 ಮೆಣಸಿನ ಬೀಜದ ತೂಕ ಸುಮಾರು 55 ಗ್ರಾಂ ಮಾತ್ರ. ನೂರಕ್ಕೆ 80 ಮೊಳೆಯುವ ಬೀಜವಾದರೆ 7,500 ಬೀಜ, ಅಂದರೆ ಸುಮಾರು 40 ಗ್ರಾಂ ಸಾಕು. ಇದಕ್ಕಿಂತ ಹೆಚ್ಚು ಚೆಲ್ಲಿದರೆ ಸಸಿ ಹೆಚ್ಚಾಗುವುದಿಲ್ಲ, ಕೊಳೆ ರೋಗ ಹೆಚ್ಚುತ್ತದೆ.

ಮಡಿ ಮಾಡುವ ಕ್ರಮ

ದಿನದಲ್ಲಿ ಹೆಚ್ಚು ಹೊತ್ತು ಬಿಸಿಲು ಬೀಳುವ, ನೀರು ನಿಲ್ಲದ ಎತ್ತರದ ಜಾಗ ಆರಿಸಿರಿ. ಕಳೆದ ವರ್ಷ ಮೆಣಸು, ಬದನೆ, ಟೊಮೇಟೊ, ಆಲೂಗೆಡ್ಡೆ ಅಥವಾ ಹೊಗೆಸೊಪ್ಪು ಇದ್ದ ಜಾಗ ಬೇಡ; ಇವೆಲ್ಲ ಒಂದೇ ಕುಲದವು, ಒಂದರ ರೋಗ ಮತ್ತೊಂದಕ್ಕೆ ಬರುತ್ತದೆ.

ಮೇಲೆ ಹೇಳಿದ 10,000 ಬೀಜಕ್ಕೆ 25 ಅಡಿ ಉದ್ದ, 4 ಅಡಿ ಅಗಲದ ಒಂದು ಮಡಿ ಸಾಕು. ಅಗಲ ನಾಲ್ಕು ಅಡಿಗಿಂತ ಹೆಚ್ಚಾದರೆ ಎರಡು ಬದಿಯಿಂದ ಕೈಚಾಚಿ ಕಳೆ ಕೀಳಲು ಆಗದು. ಮಡಿ ಸುತ್ತಲಿನ ನೆಲಕ್ಕಿಂತ ಅರ್ಧ ಅಡಿ ಎತ್ತರವಿರಲಿ. ಸುತ್ತ ಒಂದು ಅಡಿ ಅಗಲದ ಕಾಲುವೆ ತೆಗೆದು ಮಳೆ ನೀರು ಹರಿದುಹೋಗುವಂತೆ ಮಾಡಿರಿ. ಮಣ್ಣನ್ನು ಹುಡಿ ಮಾಡಿ, ಕಲ್ಲು ಬೇರು ಆರಿಸಿ, ಎರಡು ಮಂಕರಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿರಿ. ಎರೆಮಣ್ಣಾದರೆ ಎರಡು ಮಂಕರಿ ಮರಳೂ ಸೇರಲಿ. ಹಿಡಿಯಲ್ಲಿ ಹಿಚುಕಿದರೆ ಉಂಡೆಯಾಗಿ, ಬೆರಳು ತಾಗಿಸಿದರೆ ಪುಡಿಯಾಗುವ ಮಣ್ಣು ಸರಿಯಾದ ಹದ.

ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿ ದೊರೆಯುತ್ತದೆ. 100 ಕಿಲೋ ಕಳಿತ ಗೊಬ್ಬರಕ್ಕೆ 1 ಕಿಲೋ ಲೆಕ್ಕದಲ್ಲಿ ಬೆರೆಸಿ, ನೆರಳಲ್ಲಿ ಗುಡ್ಡೆ ಮಾಡಿ, ಒದ್ದೆ ಗೋಣಿ ಮುಚ್ಚಿ ಹದಿನೈದು ದಿನ ಇಟ್ಟರೆ ಅದು ಗೊಬ್ಬರದಲ್ಲೆಲ್ಲ ಹರಡುತ್ತದೆ. ಮಡಿಗೆ ಈ ಗೊಬ್ಬರ ಹಾಕಿದರೆ ಸಸಿ ಕೊಳೆಸುವ ಶಿಲೀಂಧ್ರವನ್ನು ಇದು ಅಡಗಿಸುತ್ತದೆ.

ಬಿತ್ತುವುದು

ಹೆಚ್ಚು ಉಳಿತಾಯದ ಕೆಲಸ ಇದೇ. ಕೈತುಂಬ ತೆಗೆದು ಚೆಲ್ಲಬೇಡಿ, ಸಾಲಿನಲ್ಲಿ ಹಾಕಿರಿ. ಬೀಜಕ್ಕೆ ಮೊದಲು ಟ್ರೈಕೋಡರ್ಮಾ ಪುಡಿ ಸವರಿರಿ. ಕಿಲೋಗೆ 4 ಗ್ರಾಂ ಲೆಕ್ಕ; ನಮ್ಮ 55 ಗ್ರಾಂ ಬೀಜಕ್ಕೆ ಒಂದು ಚಿಟಿಕೆ ಆಯಿತು. ಮಡಿಯ ಅಗಲಕ್ಕೆ ಕಡ್ಡಿಯಿಂದ ಗೆರೆ ಎಳೆಯಿರಿ. ಗೆರೆಯಿಂದ ಗೆರೆಗೆ ನಾಲ್ಕು ಬೆರಳು, ಅಂದರೆ ಮೂರು ಅಂಗುಲ ಬಿಡಿರಿ. ಆಳ ಕಾಲು ಅಂಗುಲ ಸಾಕು. 25 ಅಡಿಯ ಮಡಿಯಲ್ಲಿ 100 ಗೆರೆ ಬರುತ್ತದೆ. ಒಂದೊಂದು ಗೆರೆಗೆ ಸುಮಾರು 100 ಬೀಜ, ಅರ್ಧ ಅಂಗುಲಕ್ಕೆ ಒಂದರಂತೆ. ಬೀಜಕ್ಕೆ ಒಣ ಮರಳು ಬೆರೆಸಿಕೊಂಡರೆ ಸಮನಾಗಿ ಬೀಳುತ್ತದೆ. ಜರಡಿ ಹಿಡಿದ ಗೊಬ್ಬರ ಮತ್ತು ಮರಳಿನಿಂದ ತೆಳ್ಳಗೆ ಮುಚ್ಚಿ, ಮೇಲೆ ಹುಲ್ಲು ಹರವಿರಿ. ಇರುವೆ ಬೀಜ ಒಯ್ಯದಂತೆ ಮಡಿಯ ಸುತ್ತ ಬೂದಿ ಎಳೆಯಿರಿ.

ಮೆಣಸು ಮೊಳೆಯಲು 8 ರಿಂದ 12 ದಿನ ಹಿಡಿಯುತ್ತದೆ. ಮೊಳಕೆ ಕಾಣಿಸಿದ ಸಂಜೆಯೇ ಹುಲ್ಲನ್ನು ತೆಗೆದುಬಿಡಿರಿ. ಎರಡು ದಿನ ತಡ ಮಾಡಿದರೂ ಸಸಿ ನೀಳವಾಗಿ, ಬೆಳ್ಳಗಾಗಿ, ಕುತ್ತಿಗೆ ಸಣ್ಣಗಾಗುತ್ತದೆ.

ನೀರು

ತೂತಿನ ಮೂತಿಯ ಡಬ್ಬಿಯಿಂದ ಬೆಳಿಗ್ಗೆ ಮಾತ್ರ ಚಿಮುಕಿಸಿರಿ. ಸಂಜೆ ಹಾಕಿದ ನೀರು ರಾತ್ರಿಯಿಡೀ ಸಸಿಯ ಬುಡದಲ್ಲಿ ಆರದೆ ನಿಲ್ಲುತ್ತದೆ. ಹಾಕುವ ಮೊದಲು ಬೆರಳನ್ನು ಒಂದು ಗೆಣ್ಣು ಮಣ್ಣಿಗೆ ಊರಿ ನೋಡಿರಿ. ಮಣ್ಣು ಬೆರಳಿಗೆ ಅಂಟಿದರೆ ಅಂದು ನೀರು ಬೇಡ. ಮೋಡದ ದಿನಗಳಲ್ಲಿ ಎರಡು ದಿನ ನೀರು ಕೊಡದಿದ್ದರೂ ನಷ್ಟವಿಲ್ಲ.

ಎರಡು ನಿಜವಾದ ಎಲೆ ಬಂದಾಗ, ಒತ್ತಾಗಿರುವಲ್ಲಿ ಬಡಕಲು ಸಸಿ ಕಿತ್ತು, ಒಂದು ಬೆರಳು ಅಂತರ ಮಾಡಿರಿ. ಕೀಳಲು ಮನಸ್ಸು ಬಾರದು, ನನಗೆ ಗೊತ್ತು. ಆದರೆ ಒಂದನ್ನು ಕಿತ್ತರೆ ಪಕ್ಕದ್ದು ಬದುಕುತ್ತದೆ.

ರೋಗ ಮತ್ತು ಹುಳು

ನನ್ನ ಮಡಿಯನ್ನು ತಿಂದದ್ದು ಬುಡ ಕೊಳೆ. ಸಸಿಯ ಬುಡ ನೀರು ತುಂಬಿದಂತೆ ಮೆತ್ತಗಾಗಿ, ನೂಲಿನಂತೆ ಸಣ್ಣಗಾಗಿ, ಎಲೆ ಹಸಿರಿರುವಾಗಲೇ ಬೀಳುತ್ತದೆ. ಒಂದು ಕಡೆ ಕಂಡೊಡನೆ ನೀರು ನಿಲ್ಲಿಸಿರಿ, ನೆರಳಿನ ಚಪ್ಪರವಿದ್ದರೆ ತೆಗೆಯಿರಿ. ಬಿದ್ದ ಸಸಿಗಳನ್ನೂ ಅವುಗಳ ಸುತ್ತ ಒಂದು ಗೇಣು ಮಣ್ಣನ್ನೂ ಎತ್ತಿ ದೂರ ಹಾಕಿರಿ. ಇನ್ನೂ ಹರಡುತ್ತಿದ್ದರೆ ಆ ಭಾಗಕ್ಕೆ ಮಾತ್ರ ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಕರಗಿಸಿ ಮಣ್ಣು ನೆನೆಯುವಂತೆ ಸುರಿಯಿರಿ. ಅಡಿಗೆಯ ಪಾತ್ರೆಯಲ್ಲಿ ಇದನ್ನು ಕಲಸಬೇಡಿ. ಮಕ್ಕಳ ಕೈಗೆ ಸಿಗದಂತೆ ಇಡಿರಿ.

ಎರಡನೆಯ ಶತ್ರು ಎಲೆ ಮುಟುರು ರೋಗ. ಇದರ ವೈರಸ್ಸನ್ನು ಬಿಳಿನೊಣ ಹೊತ್ತು ತರುತ್ತದೆ. ಮಡಿಯಲ್ಲೇ ಹತ್ತಿದ ರೋಗ ನಾಟಿಯೊಡನೆ ಹೊಲಕ್ಕೆಲ್ಲ ಹೋಗುತ್ತದೆ, ಮತ್ತೆ ಔಷಧವಿಲ್ಲ. ಬಿದಿರ ದಬ್ಬೆಗಳನ್ನು ಬಿಲ್ಲಿನಂತೆ ಬಾಗಿಸಿ ಊರಿ, ಅಂಗುಲಕ್ಕೆ 40 ರಿಂದ 50 ಕಣ್ಣುಗಳಿರುವ ನೈಲಾನ್ ಬಲೆ ಮುಚ್ಚಿ, ಅಂಚಿಗೆ ಮಣ್ಣು ಒತ್ತಿರಿ. ಸೊಳ್ಳೆಪರದೆ ಕೆಲಸಕ್ಕೆ ಬಾರದು. ಅದರ ಕಣ್ಣಿನಲ್ಲಿ ಬಿಳಿನೊಣ ಸುಲಭವಾಗಿ ತೂರುತ್ತದೆ.

ಕೀಳುವುದು ಮತ್ತು ನೆಡುವುದು

ಸಸಿ ಗೇಣಿಗಿಂತ ಸ್ವಲ್ಪ ಗಿಡ್ಡವಾಗಿ, ಐದಾರು ಎಲೆಯಿದ್ದು, ಕಾಂಡ ಗಟ್ಟಿಯಾಗಿದ್ದರೆ ಸಿದ್ಧವಾಯಿತು. ಕೀಳುವ ಐದು ದಿನ ಮೊದಲು ನೀರು ಕಡಿಮೆ ಮಾಡಿ ಬಿಸಿಲಿಗೆ ಒಗ್ಗಿಸಿರಿ. ಹಿಂದಿನ ಸಂಜೆ ಮಾತ್ರ ಚೆನ್ನಾಗಿ ನೆನೆಸಿರಿ, ಆಗ ಬೇರು ಹರಿಯದು. ಎಲೆ ಮುದುರಿದ್ದು, ಬುಡ ಕಪ್ಪಾದದ್ದು, ಬೇರು ಡೊಂಕಾದದ್ದು ಇವನ್ನು ಅಲ್ಲೇ ಎಸೆಯಿರಿ. ಸಂಜೆಯ ಹೊತ್ತು ಅಥವಾ ಮೋಡದ ದಿನ ನೆಡಿರಿ.

ಟೊಮೇಟೊ, ಬದನೆಗೂ ಕ್ರಮ ಇದೇ. ಟೊಮೇಟೊ ಸಸಿ 25 ರಿಂದ 30 ದಿನಕ್ಕೆ, ಬದನೆ 30 ರಿಂದ 35 ದಿನಕ್ಕೆ ನಾಟಿಗೆ ಬರುತ್ತದೆ. ಟೊಮೇಟೊ ಬೀಜ ತೆಗೆಯುವಾಗ ತಿರುಳನ್ನು ಒಂದೆರಡು ದಿನ ಹುಳಿ ಬರಿಸಿ, ಲೋಳೆ ಬಿಟ್ಟ ಮೇಲೆ ತೊಳೆದು ನೆರಳಲ್ಲಿ ಒಣಗಿಸಬೇಕು.

ಕೊನೆಯ ಮಾತು

ಇಷ್ಟೆಲ್ಲ ಎಚ್ಚರಿಕೆ ವಹಿಸಿದರೂ ಆಲಿಕಲ್ಲು ಬೀಳಬಹುದು, ಕುರಿ ನುಗ್ಗಬಹುದು. ಆದುದರಿಂದ ಮನೆಯ ಬೀಜವನ್ನೆಲ್ಲ ಒಂದೇ ದಿನ ಬಿತ್ತಬೇಡಿ, ಯಾರು ಹೇಳಿದರೂ ಬಿತ್ತಬೇಡಿ, ನಾನು ಹೇಳಿದರೂ ಬಿತ್ತಬೇಡಿ. ಮೂರನೆಯ ಒಂದು ಪಾಲು ಸೀಸೆಯಲ್ಲಿರಲಿ. ನಾಟಿಯಾಗಿ ಗಿಡ ಹಿಡಿದ ಮೇಲೆ ಆ ಪಾಲಿನಿಂದ ಬೀಜವಿಲ್ಲದ ನೆರೆಯವರಿಗೆ ಒಂದು ಹಿಡಿ ಕೊಡಿರಿ. ಹೀಗೆ ಕೊಟ್ಟ ಬೀಜ ಎರಡು ಮನೆಯಲ್ಲಿ ಉಳಿಯುತ್ತದೆ. ಒಂದು ಮನೆಯಲ್ಲಿ ಕೆಟ್ಟರೆ ಮತ್ತೊಂದರಲ್ಲಿ ಸಿಗುತ್ತದೆ.

ನೆನಪಿಗಾಗಿ:

1. ಭರಣಿಯಲ್ಲಿ: 100 ಬೀಜದ ಮೊಳಕೆ ಪರೀಕ್ಷೆ, ಗೊಬ್ಬರಕ್ಕೆ ಟ್ರೈಕೋಡರ್ಮಾ ಬೆರೆಸುವುದು.
2. ಕೃತ್ತಿಕೆಯಲ್ಲಿ: ಎತ್ತರದ ಮಡಿ, ಸಾಲಿನಲ್ಲಿ ತೆಳುವಾದ ಬಿತ್ತನೆ, ಬಲೆ ಹೊದಿಕೆ.
3. ರೋಹಿಣಿಯಲ್ಲಿ: ಮೊಳಕೆ ಕಂಡೊಡನೆ ಹುಲ್ಲು ತೆಗೆಯುವುದು, ಬೆಳಿಗ್ಗೆ ಮಾತ್ರ ನೀರು.
4. ಮೃಗಶಿರದಲ್ಲಿ: ಒತ್ತು ಸಸಿ ಕೀಳುವುದು, ಕೊನೆಯ ಐದು ದಿನ ನೀರು ಕಡಿಮೆ.
5. ಆರಿದ್ರೆಯಲ್ಲಿ: ಸಂಜೆಯ ನಾಟಿ.

ಮುಂದಿನ ವಾರದಿಂದ ನಾನು ನಿಮ್ಮ ಊರುಗಳಿಗೆ ಬರುವಾಗ ಮೊಳಕೆಯ ಬಟ್ಟೆಯನ್ನು ಬಿಚ್ಚಿ ತೋರಿಸಿರಿ. ಇಬ್ಬರೂ ಕೂತು ಎಣಿಸೋಣ. ಬೆಳೆಯುವ ಸಿರಿ ಮೊಳಕೆಯಲ್ಲೇ ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ.

ನಿಮ್ಮ ಗ್ರಾಮಸೇವಕ